ಉಡಿಯಲ್ಲಿ ಬಂದ ಮಣ್ಣು

ಅಜವಾನದ ಎಣ್ಣೆಯ ವಾಸನೆ ನಿಮಗೆ ಗೊತ್ತಿರಬೇಕು. ಹೊಟ್ಟೆನೋವೆಂದು ಬಿಸಿನೀರಿಗೆ ಒಂದು ಹನಿ ಬಿಟ್ಟರೆ ಸಾಕು, ಮನೆಯೆಲ್ಲ ಘಮ್ಮೆನ್ನುತ್ತದೆ. ನನಗೆ ಮಾತ್ರ ಈ ಇಳಿವಯಸ್ಸಿನಲ್ಲೂ ಆ ವಾಸನೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಇಷ್ಟು ಉಪಕಾರಿಯಾದ ವಸ್ತುವಿನಿಂದ ಒಬ್ಬರ ಬದುಕನ್ನು ಕೆಡಿಸಬಹುದೆಂದು ನೀವು ನಂಬಲಿಕ್ಕಿಲ್ಲ, ನಾನೂ ನಂಬಿರಲಿಲ್ಲ.

ಮುಧೋಳ ಇನ್ನೂ ಸಂಸ್ಥಾನವಾಗಿದ್ದ ಕಾಲ. ಪುಣೆಯಲ್ಲಿ ಒಕ್ಕಲುತನದ ಶಾಸ್ತ್ರ ಓದಿ, ತಲೆಯಲ್ಲಿ ಒಂದಿಷ್ಟು ವಿದ್ಯೆಯನ್ನೂ ಅದರ ಎರಡರಷ್ಟು ಜಂಬವನ್ನೂ ತುಂಬಿಕೊಂಡು ಊರಿಗೆ ಮರಳಿದ್ದೆ. ಆ ವರ್ಷವೇ ನನ್ನ ಚಿಗವ್ವ, ಅಂದರೆ ತೀರಿಹೋದ ಕಾಕಾನ ಹೆಂಡತಿ, ಗಂಡನ ಪಾಲಿನ ಹೊಲವನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದಳು. ಭಾವಂದಿರೆದುರು ಮಾತಾಡುವ ಪದ್ಧತಿ ನಮ್ಮ ಮನೆಯ ಹೆಂಗಸರಿಗೆ ಇರಲಿಲ್ಲವಾದ್ದರಿಂದ, ಅವಳ ಮಾತನ್ನು ಅಪ್ಪನಿಗೂ ದೊಡ್ಡಪ್ಪನಿಗೂ ಮುಟ್ಟಿಸಿದವನು ನಾನೇ. ಒಂದು ಹಿಂಗಾರಿ ನೋಡೋಣ, ಪೀಕು ಬಂದರೆ ಹೊಲ ಅವಳ ಕೈಯಲ್ಲಿರಲಿ, ಬರದಿದ್ದರೆ ನಮ್ಮ ಒಕ್ಕಲುತನಕ್ಕೆ ಸೇರಲಿ ಎಂದು ಅವರು ಗೊತ್ತುಮಾಡಿದರು.

ಅದು ಬರೀ ಜೋಳ, ಹತ್ತಿ ಕಂಡಿದ್ದ ಎರೆಹೊಲ. ಅವಳು ಬಿತ್ತಲು ಹೊರಟದ್ದು ಕಡಲೆ. ಕಡಲೆ ಕಾಣದ ಹೊಲಕ್ಕೆ ಕಡಲೆ ಬೆಳೆದ ಹೊಲದ ಮಣ್ಣನ್ನು ಒಯ್ಯುವುದು ಅವಳ ತವರುಮನೆಯ ರೂಢಿಯಂತೆ. ತವರೂರಾದ ಗಲಗಲಿಗೆ ಹೋಗಿ ಉಡಿ ತುಂಬ ಮಣ್ಣು ಕಟ್ಟಿಕೊಂಡು ಬಂದಳು, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆಲ್ಲ ಹಚ್ಚಿಟ್ಟಳು. ಮಣ್ಣಿನಲ್ಲಿ ರೋಗವಿರುತ್ತದೆ, ಬೆಲ್ಲಕ್ಕೆ ಇರುವೆ ಮುತ್ತುತ್ತವೆ ಎಂದು ನಾನು ಭಾಷಣ ಬಿಗಿದು, ಬೀಜವನ್ನು ತೊಳೆದು, ತಾಮ್ರದ ಹಂಡೆಯಲ್ಲಿ ನಾನೇ ಭಟ್ಟಿ ಇಳಿಸಿದ್ದ ಅಜವಾನದ ಎಣ್ಣೆಯನ್ನು ಸವರಿದೆ. ಓದಿದವನ ಮಾತೆಂದು ಅವಳು ಒಪ್ಪಿಕೊಂಡಳು. ಎಣ್ಣೆ ಸಾಲದೆ ಉಳಿದ ಒಂದಿಷ್ಟು ಮಣ್ಣುಬೀಜವನ್ನು ಮಾತ್ರ ಒಡ್ಡಿನ ಬದಿಗೆ ನಾಲ್ಕು ಸಾಲು ಬಿತ್ತಿಕೊಂಡಳು.

ಕೆಲವೇ ವಾರಗಳಲ್ಲಿ ಹೊಲ ಹಳದಿಗೆ ತಿರುಗಿತು, ಆ ನಾಲ್ಕು ಸಾಲು ಮಾತ್ರ ಹಚ್ಚಗೆ ನಿಂತವು. ಎರಡೂ ಕಡೆಯಿಂದ ಒಂದೊಂದು ಗಿಡ ಕಿತ್ತು ನೋಡಿದೆ. ಅವಳ ಗಿಡದ ಬೇರಿನ ತುಂಬ ಗಂಟು, ಉಗುರಿನಿಂದ ಒಡೆದರೆ ಒಳಗೆ ಗುಲಾಬಿ ಬಣ್ಣ. ನನ್ನ ಗಿಡದ ಬೇರು ಬೋಳು. ಗಾಳಿಯ ಸತ್ವವನ್ನು ಹಿಡಿದು ಗಿಡಕ್ಕೆ ಉಣಿಸುವ, ಕಣ್ಣಿಗೆ ಕಾಣದ ಜೀವಿಗಳು ಆ ಗಂಟಿನಲ್ಲಿರುತ್ತವೆಂದು ಪರೀಕ್ಷೆಯಲ್ಲಿ ಚಿತ್ರ ಬರೆದು ಶಾಭಾಸ್ ಅನ್ನಿಸಿಕೊಂಡು ಬಂದವನು ನಾನು! ಅವು ಹೆಂಗಸೊಬ್ಬಳ ಉಡಿಯಲ್ಲಿ ಬರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಗಿಡ ತನ್ನಲ್ಲಿ ಎಣ್ಣೆ ತುಂಬಿಕೊಳ್ಳುವುದು ನಮ್ಮ ಮೂಗಿಗಾಗಿ ಅಲ್ಲ, ವೈರಿಯನ್ನು ಕೊಲ್ಲಲಿಕ್ಕೆ. ಸೀಸೆಗೆ ಇಳಿಸಿದ ಮೇಲೆ ಆ ಎಣ್ಣೆಗೆ ವೈರಿ ಯಾರು, ನೆಂಟ ಯಾರು ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾದವನು ನಾನಾಗಿದ್ದೆ.

ಪೀಕು ನೋಡಲು ಅಪ್ಪ, ದೊಡ್ಡಪ್ಪ ಬಂದರು. ದೊಡ್ಡಪ್ಪ ಹಸಿರು ಸಾಲಿನ ಹತ್ತಿರ ನಿಂತು ನನ್ನ ಬೆನ್ನು ತಟ್ಟಿದ.

"ನೀ ಎಣ್ಣಿ ಹಚ್ಚಿದ್ದು ಈ ಸಾಲಿಗೇ ಇರಬೇಕು. ಉಳಿದದ್ದೆಲ್ಲಾ ಆಕಿ ಮಣ್ಣಿನ ಹುಚ್ಚಾಟ."

ಒಡ್ಡಿನಾಚೆ ಸೆರಗು ಮುಂದೆಳೆದುಕೊಂಡು ನಿಂತಿದ್ದ ಚಿಗವ್ವ ನನ್ನ ಮುಖವನ್ನೇ ನೋಡಿದಳು. ಅವಳ ಪರವಾಗಿ ಆಡಬಹುದಾದ ಬಾಯಿ ಅಲ್ಲಿ ನನ್ನದೊಂದೇ ಇತ್ತು. ಹೊಗಳಿಕೆಯ ಬಿಸಿ ಆರಲೊಲ್ಲದು, ನಾಚಿಕೆ ಬಾಯಿ ಬಿಡಗೊಡದು. ನಾನು ತಲೆ ತಗ್ಗಿಸಿದೆ. ಮರುವರ್ಷ ಆ ಹೊಲದಲ್ಲಿ ದೊಡ್ಡಪ್ಪನ ಎತ್ತು ಹೂಡಿದರು.

ಎರಡು ವರ್ಷದ ಮೇಲೆ, ತಡೆಯಲಾರದೆ, ಮೊದಲು ಅಪ್ಪನಿಗೆ ನಿಜ ಹೇಳಿದೆ. ಹೊಲ ಸೇರಿಹೋಯಿತಲ್ಲ, ಇನ್ನೇಕೆ ಆ ಮಾತು ಎಂದು ಅವನು ಎದ್ದುಹೋದ. ಆಮೇಲೆ ಚಿಗವ್ವನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವಳು ಜೋಳ ಕೇರುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅವತ್ತ ಹೇಳಿದ್ರ ಹೊಲ ಉಳೀತಿತ್ತು ತಮ್ಮಾ. ಇವತ್ತ ಹೇಳಿ ನೀ ಹಗುರಾದಿ, ನನಗೇನ ಬಂತು?"

ಮುಂದೆ ಮನೆ ಪಾಲಾಯಿತು. ಚಿಗವ್ವ ಅಷ್ಟರಲ್ಲಿ ತೀರಿಹೋಗಿದ್ದಳು. ಆ ಹೊಲ ನನ್ನ ಪಾಲಿಗೆ ಬಂತು.