ನೀರಿನ ಕಲ್ಲಿಗೆ ಎಣ್ಣೆ

ಬಸವಕಲ್ಯಾಣದಲ್ಲಿ ನನ್ನಪ್ಪ ಬಡಿಗತನ ಮಾಡುತ್ತಿದ್ದ. ಅವನ ಸಾಣೆಕಲ್ಲು ಅಂಗಡಿಯಿಂದ ತಂದದ್ದು. ಅದರ ಮೇಲೆ ಎರಡು ಹನಿ ಎಣ್ಣೆ ಬಿಟ್ಟುಕೊಂಡೇ ಉಳಿ ಮಸೆಯುತ್ತಿದ್ದ. ಲೋಕದ ಕಲ್ಲುಗಳೆಲ್ಲ ಎಣ್ಣೆ ಕುಡಿಯುತ್ತವೆಂದು ನಂಬಿಕೊಂಡೇ, ಅರವತ್ತರ ದಶಕದಲ್ಲಿ ನಾನು ಹುಮನಾಬಾದ್ ಬಳಿಯ ಹುಡಗಿ ಎಂಬ ಊರಿಗೆ ಸೊಸೆಯಾಗಿ ಬಂದೆ.

ಅತ್ತೆಯ ಮನೆಯ ಅಂಗಳದಲ್ಲಿ ಗೇಣುದ್ದದ ಮಸೆಗಲ್ಲು ಇತ್ತು. ಜೋಳ ಕೊಯ್ಯುವ ದಿನಗಳಲ್ಲಿ ಆಳುಗಳು ಬೆಳಿಗ್ಗೆ ಅಲ್ಲಿಗೆ ಬಂದು, ನೀರು ಚಿಮುಕಿಸಿ, ಕುಡಗೋಲು ಮಸೆದುಕೊಂಡು ಹೊಲಕ್ಕೆ ಹೋಗುವುದು ರೂಢಿ. ಅತ್ತೆಗೆ ಆ ಕಲ್ಲೆಂದರೆ ಜೀವ. ಅವರಿಂದ ಭೇಷ್ ಅನ್ನಿಸಿಕೊಳ್ಳುವ ಹುಚ್ಚು ನನಗೆ. ಒಂದು ಸಂಜೆ ಯಾರೂ ಇಲ್ಲದಾಗ ಕಲ್ಲು ತೊಳೆದು, ಒಣಗಿಸಿ, ಬಟ್ಟಲು ತುಂಬ ಕುಸುಬೆ ಎಣ್ಣೆ ತಂದು ತಿಕ್ಕಿಟ್ಟೆ. ಜಾಣತನ ತೋರಿಸಲು ಹೋದೆ, ನೋಡಿ.

ಮರುದಿನ ಬೆಳಿಗ್ಗೆ ಚಿಮುಕಿಸಿದ ನೀರು ಕಲ್ಲಿನ ಮೇಲೆ ನಿಲ್ಲದೆ ಜಾರಿತು. ಕುಡಗೋಲು ಕಲ್ಲನ್ನು ಕಚ್ಚಲೇ ಇಲ್ಲ. ಮೊದಲು ಮಸೆಯಲು ಕುಳಿತವಳು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ ಒಬ್ಬ ಕೂಲಿ ಹೆಂಗಸು.

“ಎಣ್ಣಿ ಕೈಲೆ ಕಲ್ಲು ಮುಟ್ಟೀಯಲ್ಲ, ಬುದ್ಧಿ ಎಲ್ಲಿ ಇಟ್ಟೀದಿ?” ಎಂದು ಅತ್ತೆ ಹರಿಹಾಯ್ದರು.

“ಕೈ ತೊಳಕೊಂಡೇ ಬಂದೀನ್ರಿ,” ಎಂದಳು. ಯಾರೂ ಕೇಳಲಿಲ್ಲ. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಹೊಸ ಸೊಸೆ, ಬೈಗುಳದ ಭಯ ಎಂದು ಈಗ ಹೇಳಿಕೊಳ್ಳಬಹುದು. ನಿಜವೆಂದರೆ, ಬೈಗುಳ ಬೇರೆಯವರ ಪಾಲಾಯಿತಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ. ಥೂ!

ಅಂದು ಎಲ್ಲರೂ ಮೊಂಡ ಕುಡಗೋಲಿನಲ್ಲೇ ಕೊಯ್ದರು, ದಿನವಿಡೀ ಅವಳನ್ನು ಶಪಿಸಿದರು. ಸಂಜೆ ಉಳಿದವರು ಮನೆಗೆ ಹೋದರೂ ಅವಳು ಅಂಗಳಕ್ಕೆ ಬಂದು, ಬೂದಿ, ಬಿಸಿನೀರು ಹಾಕಿ ಕಲ್ಲು ತಿಕ್ಕಿದಳು. ಆಮೇಲೆ ಅಂಗಳದ ಫರಸಿ ಚಪ್ಪಡಿಯ ಮೇಲೆ ಮರಳು ಚೆಲ್ಲಿ, ಎಣ್ಣೆ ಹೀರಿದ ಪದರ ಸವೆಯಲೆಂದು ಕಲ್ಲನ್ನು ಬೋರಲು ಹಾಕಿ ಉಜ್ಜತೊಡಗಿದಳು. ಅವಳ ಅಂಗೈಯ ಬೊಬ್ಬೆಗಳು ಒಡೆದಿದ್ದವು. ಬಿಸಿನೀರು ತಂದುಕೊಟ್ಟವಳು ನಾನೇ.

ಅತ್ತೆ ಒಳಗೆ ಹೋದದ್ದನ್ನು ನೋಡಿಕೊಂಡು ಅವಳು ಸಣ್ಣ ದನಿಯಲ್ಲಿ ಹೇಳಿದಳು: “ನಾ ತಲಿಗೆ ಹಚ್ಚೂದು ಕೊಬ್ರಿ ಎಣ್ಣಿ. ಇದು ಕುಸುಬಿ ವಾಸನಿ. ತಾಯಿ, ನಿಮ್ಮ ತವರಾಗ ಕಲ್ಲಿಗೆ ಎಣ್ಣಿ ಹಚ್ಚತಾರೇನ್ರಿ?”

ನಾನು ಹೌದೆಂದು ತಲೆಯಾಡಿಸಿದೆ.

“ಈ ಕಲ್ಲಿಗೆ ನೀರ ಸಾಕ್ರಿ. ಅತ್ತಿ ಮುಂದ ಹೇಳಬ್ಯಾಡ್ರಿ ಮತ್ತ, ನೀವು ಇನ್ನಾ ಹೊಸಬರು.”

ಹೇಳಬೇಡಿ ಎಂದಳು, ನಾನು ಹೇಳಲಿಲ್ಲ. ಅತ್ತೆ ಬದುಕಿದ್ದ ಇಪ್ಪತ್ತು ವರ್ಷವೂ ಹೇಳಲಿಲ್ಲ. ಪ್ರತಿ ಸುಗ್ಗಿಯಲ್ಲೂ ಅವಳು ಬಂದಾಗ ಅತ್ತೆ ಎಲ್ಲರ ಎದುರು, “ಮೊದಲ ಕೈ ತೋರಸು,” ಎನ್ನುತ್ತಿದ್ದರು. ಅವಳು ಎರಡೂ ಅಂಗೈ ಚಾಚುತ್ತಿದ್ದಳು. ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ.