ಮಷಿನ್ನಿನ ಸಣ್ಣ ಮೂತಿ

ನೀರು ಚಿಮುಕಿಸದೆ ಕಸ ಹೊಡೆಯೋದು ನಮ್ಮ ಚಿತ್ತವಾಡ್ಗಿಯಾಗ ಯಾವ ಹೆಣ್ಣುಮಗಳಿಗೂ ಗೊತ್ತಿರಲಿಲ್ಲ. ಧೂಳು ಏಳಬಾರದು ಅಂತ ಮೊದಲು ನೀರು, ಆಮ್ಯಾಲೆ ಕಸಬರಿಗೆ. ಈ ಹಾಳು ರೂಢಿ ನನ್ನ ಕೈಯಿಂದ ಏನು ಮಾಡಿಸಿತು ಅನ್ನೋದನ್ನ ಇವತ್ತಿಗೂ ಮರೆತಿಲ್ಲ.

ಎಂಬತ್ತರ ದಶಕ. ಗಂಡ ತೀರಿಕೊಂಡು ವರ್ಷ ಆಗಿರಲಿಲ್ಲ, ಬಗಲಾಗ ಎರಡು ವರ್ಷದ ಮಗಳು. ಡ್ಯಾಮಿನ ದಾರಿಯಾಗಿದ್ದ ಒಂದು ಗೆಸ್ಟ್ ಹೌಸಿನಾಗ ನಮ್ಮ ಚಿಗವ್ವ, ಅಂದ್ರ ನಮ್ಮವ್ವನ ತಂಗಿ, ರೂಮು ಸ್ವಚ್ಛ ಮಾಡ್ತಿದ್ಲು. ಮ್ಯಾನೇಜರ್ ಕೈಕಾಲು ಹಿಡಿದು ನನ್ನನ್ನೂ ಸೇರಿಸಿದ್ಲು. ಆ ಕೆಲಸ ಹೋದ್ರ ನನಗ ಉಳಿದಿದ್ದು ಬಂಡ್ರಿ ಕಡೆ ಗಣಿಯಾಗ ಅದಿರು ಒಡೆಯೋದು ಒಂದೇ. ಕೂಸು ಕಟ್ಟಿಕೊಂಡು ಆ ಬಿಸಿಲಾಗ ಸುತ್ತಿಗೆ ಹಿಡಿಯೋದು ನನ್ನಿಂದ ಆಗೋ ಮಾತಾಗಿರಲಿಲ್ಲ.

ಸೇರಿ ಒಂಬತ್ತನೇ ದಿನ. ಸಂಡೂರಿನ ಮೈನ್ಸ್‌ನಿಂದ ಬಂದ ಮಂದಿ ಬೂಟು ಹಾಕ್ಕೊಂಡೇ ದೊಡ್ಡ ರೂಮಿನ ಕೆನೆಬಣ್ಣದ ಕಾರ್ಪೆಟ್ ತುಳಿದು ಹೋಗಿದ್ರು. ಎಲ್ಲಿ ನೋಡಿದ್ರೂ ಅದಿರಿನ ಕೆಂಪು ಪುಡಿ. ಮಧ್ಯಾಹ್ನಕ್ಕ ಮಾಲಕರು ಬರೋರಿದ್ರು. ಚಿಗವ್ವ ಮ್ಯಾಲಿನ ರೂಮಿನಾಗಿದ್ಲು. ಧೂಳು ಹೀರೋ ಮಷಿನ್ನಿನ ಪೈಪಿಗೆ ಸಿಗಿಸಾಕ ಮೂರು ಮೂತಿ ಇದ್ವು: ಅಗಲದ್ದು, ಬ್ರಷ್ ಇರೋದು, ಚಪ್ಪಟೆ ಸಣ್ಣದು. ಜಲ್ದಿ ಮುಗೀಲಿ ಅಂತ ಅಗಲದ್ದನ್ನ ಸಿಗಿಸಿದೆ. ಎಷ್ಟು ಆಡಿಸಿದ್ರೂ ಪುಡಿ ಜಪ್ಪಯ್ಯ ಅನ್ನಲಿಲ್ಲ. ತಲಿ ಕೆಟ್ಟುಹೋತು, ಕೈ ತಾನಾಗೇ ಬಾಗಿಲ ಹತ್ರದ ನೀರಿನ ತಂಬಿಗೆಗೆ ಹೋತು. ನೀರು ಚಿಮುಕಿಸಿದೆ!

ಕಣ್ಣಮುಂದೇ ಪುಡಿ ಕೆಸರಾತು. ಅದರ ಮ್ಯಾಲೆ ಮಷಿನ್ ಆಡಿಸಿದ್ರ ಒಳಗಿನ ಚೀಲ ಒದ್ದೆಯಾಗಿ ಎಳೆಯೋದೇ ನಿಂತಿತು. ಅಯ್ಯೋ ಶಿವನೇ, ಸತ್ತೆ ಅಂತ ಹಣಿ ಚಚ್ಚಿಕೊಂಡೆ.

ನನ್ನ ದನಿ ಕೇಳಿ ಚಿಗವ್ವ ಇಳಿದು ಬಂದ್ಲು.

"ಏನ್ ಮಾಡಿದಿ ಲೇ, ಹುಚ್ಚಿ!"

ಬೈಯಾಕ ಪುರುಸೊತ್ತೂ ಇರಲಿಲ್ಲ. ಫ್ಯಾನ್ ಜೋರು ಹಚ್ಚಿದ್ಲು, ಚೀಲ ಬದಲಿ ಮಾಡಿದ್ಲು, ಸಣ್ಣ ಮೂತಿ ಸಿಗಿಸಿದ್ಲು. "ಅಗಲದ್ದು ಗಾಳೀನ ಹಂಚಿಬಿಡತೈತಿ. ಇದು ಒಂದೇ ಕಡೆ ಎಳೀತೈತಿ. ಒಣಗಿದ ಮ್ಯಾಲೆ ಬೆರಳಗಲ ಬೆರಳಗಲ ಹೋಗು. ಅವಸರ ಮಾಡಬ್ಯಾಡ."

ಅವಸರ ಮಾಡದೆ ಇರೋದು ಹೆಂಗ? ಮೊಣಕಾಲೂರಿ ಅಳ್ತಾ ಅಳ್ತಾ ಎಳದೆ. ಒಣಗಿದ ಕಡೆಯೆಲ್ಲ ಪುಡಿ ಬಂತು. ಬಾಗಿಲ ಹತ್ರ ಅಂಗೈಯಷ್ಟು ಕೆಂಪು ಕಲೆ ಮಾತ್ರ ಹೋಗಲಿಲ್ಲ.

ಮ್ಯಾನೇಜರ್ ಬಂದ. ಒಳಗ ಕಾಲಿಡೋ ಮೊದಲೇ ಕಲೆ ಕಂಡ.

"ನೀರು ಹಾಕಿದ್ದು ಯಾರು?"

"ನಾನರೀ," ಅಂದ್ಲು ಚಿಗವ್ವ.

ತಾನು ಹನ್ನೆರಡು ವರ್ಷದ ಹಳೇ ಕೆಲಸದಾಕಿ, ಎರಡು ಮಾತು ಬೈದು ಬಿಡ್ತಾನ ಅಂತ ಆಕಿ ತಿಳಕೊಂಡಿದ್ಲು. ಆ ಕಟುಕ ಬೈಯಲಿಲ್ಲ. ನಾಳೆಯಿಂದ ಬರಬ್ಯಾಡ ಅಂದ. ನಾನಲ್ಲೇ ನಿಂತಿದ್ದೆ, ಕೈಯಾಗ ಪೈಪು. ನನ್ನದೊಂದು ಮಾತು ಸಾಕಿತ್ತು. ಮಗಳ ಮುಖ ಕಣ್ಣಿಗೆ ಕಟ್ಟಿತು. ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕ ಹೊಂಟೆ. ರಸ್ತೆಯಾಗ ಚಿಗವ್ವ ಬುತ್ತಿ ಕಟ್ಟಿಕೊಂಡು ಬಂಡ್ರಿ ಕಡೆ ಹೋಗೋ ಲಾರಿಗೆ ಕಾಯ್ತಾ ನಿಂತಿದ್ಲು. ತಲಿ ತಗ್ಗಿಸಿ ದಾಟಿ ಹೋಗಾಕ ನೋಡಿದೆ, ನನ್ನಂಥ ಪಾಪಿ. ಆಕಿನೇ ಕೂಗಿ ಕರೆದ್ಲು.

"ಸಣ್ಣ ಮೂತಿ ಕಪಾಟಿನ ಕೆಳಗಿನ ಖಾನೆಯಾಗ ಇಟ್ಟೀನಿ. ಮೊದಲು ಅದನ್ನ ತಗೋ."