ಬೆಳ್ಳಿ ಬಳೆಯ ಕೆಳಗಿನ ಚರ್ಮ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷ ಕಳೆದಿತ್ತು. ರಾಜ್ಯ ಯಾವುದೇ ಇರಲಿ, ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ ಹುಟ್ಟುವ ಕೂಸು ಮೊದಲು ಬೀಳುತ್ತಿದ್ದುದು ಸೂಲಗಿತ್ತಿ ಶಾಲುಬಾಯಿಯ ಕೈಯಲ್ಲಿಯೇ.

ಆ ವರ್ಷ ಅವಳಿಗೆ ತಲೆ ತಿರುಗತೊಡಗಿತು. ಬೀದರದ ಡಾಕ್ಟರರು ರಕ್ತದೊತ್ತಡವೆಂದು ಹೇಳಿ, ಹೊಸದಾಗಿ ಬಂದಿದ್ದ ಗುಳಿಗೆಯನ್ನು ಕೊಟ್ಟರು. ತಲೆ ತಿರುಗುವುದು ನಿಂತಿತು. ಆದರೆ ಕೆಲವೇ ವಾರಗಳಲ್ಲಿ ಮುಖದ ಮೇಲೆ, ಕೈಗಳ ಮೇಲೆ ಕೆಂಪು ದದ್ದುಗಳೆದ್ದು ಉರಿಯತೊಡಗಿದವು. ಅವಳು ಬೇವಿನ ಸೊಪ್ಪು ಅರೆದು ಬಳಿದುಕೊಂಡು, ಅದು ಒಣಗುವವರೆಗೆ ಅಂಗಳದ ಬಿಸಿಲಿನಲ್ಲಿ ಕುಳಿತಳು. ದಿನವೂ ಕುಳಿತಳು, ದಿನವೂ ದದ್ದು ಹೆಚ್ಚಿತು.

ನೆರೆಮನೆಯ ಮೀರಾಬಾಯಿ ತುಂಬು ಬಸುರಿ. ಅವಳ ಅತ್ತೆ ಸಖುಬಾಯಿ ದೂರದಲ್ಲಿಯೇ ನಿಂತು ಹೇಳಿದಳು:

"ಶಾಲಕ್ಕಾ, ಸಿಟ್ಟಾಗಬ್ಯಾಡ. ಈ ಕೈಲೆ ನನ್ನ ಮಮ್ಮಗನ್ನ ಹ್ಯಾಂಗ ಮುಟ್ಟಸ್ಲಿ? ಭಾಲ್ಕಿಯಿಂದ ಬ್ಯಾರೆದಾಕಿನ್ನ ಕರಸ್ತೇನಿ."

"ಮಮ್ಮಗನೇ ಅಂತ ಯಾರು ಹೇಳ್ಯಾರ? ಮಮ್ಮಗಳು ಹುಟ್ಟಿದ್ರ ನನ್ನ ಕರೀತಿಯೇನು?"

ನಗೆಯಾಡಿದಳೇನೋ ನಿಜ; ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಸಖುಬಾಯಿಯ ಮಗನನ್ನು ಹಿಡಿದದ್ದೂ ಇದೇ ಕೈ.

ಮರುದಿನವೇ ಬೀದರದ ಬಸ್ಸು ಹತ್ತಿದಳು. ದವಾಖಾನೆಯಲ್ಲಿ ನರ್ಸ್ ದೊರ್ಕಾ ನಾಡಿ ನೋಡಲೆಂದು ಅವಳ ಅಗಲವಾದ ಬೆಳ್ಳಿ ಬಳೆಯನ್ನು ಮೇಲಕ್ಕೆ ಸರಿಸಿದಳು. ಅದರ ಕೆಳಗಿನ ಚರ್ಮ ಕೂಸಿನ ಚರ್ಮದಷ್ಟು ನುಣುಪು!

"ಬಿಸಿಲಾಗ ಕೂಡ್ತೀರೇನ್ರಿ, ಅವ್ವಾ?"

"ಮತ್ತ? ಬೇವು ಒಣಗಬ್ಯಾಡೇನ್ರಿ?"

ದೊರ್ಕಾ ಹಣೆ ಹಣೆ ಬಡಿದುಕೊಂಡು ನಕ್ಕಳು; ಡಾಕ್ಟರರನ್ನು ಕರೆದು ತೋರಿಸಿದಳು.

"ಇದು ಅಂಟುರೋಗ ಅಲ್ರಿ," ಎಂದರು ಅವರು. "ಆ ಗುಳಿಗಿ ಕೆಲವರಿಗೆ ಬಿಸಿಲು ತಡಿಯಗೊಡೂದಿಲ್ಲ. ಬ್ಯಾರೆ ಕೊಡ್ತೇನಿ. ನೀವಾಗೇ ಔಷಧ ಮಾತ್ರ ಬಿಡಬ್ಯಾಡ್ರಿ."

"ಕೂಸಿಗಿ ಮುಟ್ಟಬಹುದೇನ್ರಿ?"

"ಚರ್ಮ ಪೂರಾ ಮಾಯಲಿ. ಆಮ್ಯಾಲ ಧಾರಾಳ ಮುಟ್ರಿ."

ಶಾಲುಬಾಯಿ ನೆರಳು ಹಿಡಿದಳು. ದದ್ದು ಬಾಡಿತು, ಹೊಟ್ಟು ಎದ್ದಿತು, ಉದುರಿತು. ಮೀರಾಬಾಯಿಗೆ ನೋವು ಬಂದ ಮುಂಜಾನೆ ಸಖುಬಾಯಿ ಓಡಿಬಂದಳು. ಶಾಲುಬಾಯಿ ಎರಡೂ ಕೈಗಳನ್ನು ಮುಂದೆ ಚಾಚಿದಳು. ಸಖುಬಾಯಿ ಅವನ್ನು ತಿರುವಿ ತಿರುವಿ ನೋಡಿ, ಗಟ್ಟಿಯಾಗಿ ಹಿಡಿದುಕೊಂಡಳು.

"ಭಾಲ್ಕಿದಾಕಿ ಬರೂತನಕ ಯಾರು ಕಾಯ್ತಾರ? ನಡಿಯವ್ವಾ!"

ಹುಟ್ಟಿದ್ದು ಹೆಣ್ಣು.

"ನಾ ಹೇಳಿರಲಿಲ್ಲೇನು?" ಎಂದಳು ಶಾಲುಬಾಯಿ, ಕೂಸನ್ನು ಅಜ್ಜಿಯ ಮಡಿಲಿಗೆ ಹಾಕುತ್ತ.

ತೊಟ್ಟಿಲ ದಿನ ಸೂಲಗಿತ್ತಿಯ ಪಾಲಿಗೆ ಬಂದ ಹೋಳಿಗೆಯನ್ನು ಅವಳು ತಿನ್ನಲಿಲ್ಲ. ಬಟ್ಟೆಯಲ್ಲಿ ಕಟ್ಟಿಕೊಂಡು, ಮುಖ ಮುಚ್ಚುವಂತೆ ಸೆರಗು ಹೊದ್ದು, ದೊರ್ಕಾಳಿಗೆ ಕೊಡಲೆಂದು ಬೀದರದ ಬಸ್ಸಿಗೆ ನೆರಳಿನಲ್ಲಿ ಕಾಯುತ್ತ ನಿಂತಳು.